ಅನ್ಯಾಯದ ಪ್ರಭುತ್ವವನ್ನು ಎದುರಿಸುವ ಹಕ್ಕು

ಕಾಪಾಡುವೆನೆಂದು ವಚನವಿತ್ತು ಕಾಪಾಡದಿರುವ ಅರಸನನ್ನು ಪ್ರಜೆಗಳು ಒಂದುಗೂಡಿ ಕೊಲ್ಲತಕ್ಕದ್ದೆಂಬ ಕಠೋರವಾದ ಮಾತೊಂದು ಮಹಾಭಾರತದ ಅನುಶಾಸನಪರ್ವದಲ್ಲಿರುವುದು. ಧರ್ಮವನ್ನು ತೊರೆದ ವೇನರಾಜನನ್ನು ಋಷಿಗಳು ಮಂತ್ರಪೂತವಾದ ದರ್ಭೆಗಳಿಂದ ಸಂಹರಿಸಿದ ಕಥೆಯನ್ನು ಪುರಾಣಶ್ರವಣ ಮಾಡಿದ ಭಕ್ತಾದಿಗಳೆಲ್ಲರೂ ಬಲ್ಲರು. ಆದರೆ ಆ ಕಥೆಯಲ್ಲಿ ಒಂದು ಸೌಕರ್ಯವುಂಟು. ವೇನನು ದುಷ್ಟನೆಂದು ನಿರ್ಣಯಿಸಿದವರು ಋಷಿಗಳು. ಅವರ ನಿರ್ಣಯವನ್ನು ಸಂಶಯಿಸುವವರು ಯಾರೂ ಇರಲಿಲ್ಲ. ಋಷಿಗಳಿಲ್ಲದ ಕಾಲದಲ್ಲಿ ಆ ತೀರ್ಪನ್ನು ಕೊಡತಕ್ಕವರು ಯಾರು? ಈ ಒಂದು ಪ್ರಶ್ನೆಯನ್ನು ಹಿಡಿದು ಪಾಶ್ಚಾತ್ಯ ರಾಜನೀತಿಜ್ಞರು ನಾಲ್ಕುನೂರು ವರುಷಗಳ ಕಾಲ ವಾದಿಸಿರುವರು. ಆ ವಾದದ ಮುಖ್ಯವಾದ ಘಟ್ಟಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಕ್ರಿ. ಶ. 1572ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದಲ್ಲಿ ಸಂತ ಬಾರ್ತಲೋಮ್ಯೂವಿನ ಹಬ್ಬದ ಸಮಯದಲ್ಲಿ ಪ್ರಾಟೆಸ್ಟೆಂಟ್ ಮತದವರ ಘೋರವಾದ ಕೊಲೆಯು ನಡೆಯಿತು. ಅರಸನೇ ಇದಕ್ಕೆ ಸಮ್ಮತಿಯಿತ್ತವನಾದುದರಿಂದ, ಅಂಥವನಿಗೂ ವಿಧೇಯರಾಗಿರಬೇಕೇ ಎಂಬ ಪ್ರಶ್ನೆಯು ಆ ಮತದ ಪಂಡಿತರಿಗೆ ಅನಿವಾರ್ಯವಾಯಿತು. 1579ರಲ್ಲಿ ಬ್ರೂಟಸ್ ಎಂಬ ಹುಸಿಹೆಸರಿನಿಂದ ಹೊರಟ ಲ್ಯಾಟಿನ್ ಗ್ರಂಥವೊಂದು, ಎದುರಿಸುವ ಹಕ್ಕು ಉಂಟು, ಆದರೆ ಅದು ಸಾಮಾನ್ಯ ಪ್ರಜೆಗಲ್ಲ, ರಾಜ್ಯದ ಅಧಿಕಾರಿಗಳಿಗೂ ಪ್ರಮುಖರಿಗೂ ಸೇರಿದುದು ಎಂದು ಉತ್ತರವಿತ್ತಿತು. ಎರಡು ವರುಷಗಳಲ್ಲಿಯೇ, ಅಂದರೆ 1581ರಲ್ಲಿ, ಡಚ್ಚರ ಪ್ರಾಂತ ಸಭೆಗಳು ಸ್ಪೇಯಿನಿನ ದೊರೆಯಾದ ಎರಡನೆಯ ಫಿಲಿಪ್ಪನು ತಮ್ಮ ಪ್ರಭುವಲ್ಲವೆಂದು ಸಾರಿದುವು. ಇಲ್ಲಿಯೂ ತೀರ್ಪು ಕೊಟ್ಟವರು ಪ್ರಮುಖರೇ. ಋಷಿಗಳ ಸ್ಥಾನದಲ್ಲಿ ಅಧಿಕಾರಿಗಳು ಕುಳಿತರೆನ್ನಬಹುದು.

ಈ ಹಕ್ಕು ಪ್ರಜಾಸಾಮಾನ್ಯದ ಕೈಗೆ ಬಂದುದು ಇಂಗ್ಲೆಂಡಿನಲ್ಲಿ. ಅದಕ್ಕಾಗಿ ತೆತ್ತ ಬೆಲೆಯು ಅಲ್ಪವಲ್ಲ. ರಾಬರ್ಟ್ ಫಿಲ್ಮರ್ ಎಂಬವನು ಬರೆದ ಗ್ರಂಥವೊಂದನ್ನು, ಅವನು ತೀರಿಕೊಂಡ ಬಹುಕಾಲದ ಮೇಲೆ, 1680ರಲ್ಲಿ ರಾಜಪಕ್ಷದವರು ಅಚ್ಚು ಹಾಕಿಸಿದರು. ಮೊದಲ ಮನುಷ್ಯನಾದ ಆದಮನಿಗೆ ಮಕ್ಕಳ ಮೇಲಿದ್ದ ಪಿತೃಾಧಿಕಾರವೇ ವಂಶಪರಂಪರೆಯಿಂದ ಅರಸರಿಗೆ ಬಂದಿರುವುದೆಂದೂ, ತಂದೆಯನ್ನು ಎದುರಿಸಲು ಮಕ್ಕಳಿಗೆ ಹೇಗೆ ಅಧಿಕಾರವಿಲ್ಲವೋ ಹಾಗೆ ಅರಸನನ್ನು ಎದುರಿಸಲು ಪ್ರಜೆಗಳಿಗಿಲ್ಲವೆಂದೂ ಅದರ ಸಾರಾಂಶ. ಇದನ್ನು ಖಂಡಿಸಲು ಆಲ್ಜರ್ನನ್ ಸಿಡ್ನಿ ಎಂಬ ಕುಲೀನನು ತನ್ನ ಮನೆಯಲ್ಲಿ ಕುಳಿತು ದೊಡ್ಡದೊಂದು ಉತ್ತರವನ್ನು ಬರೆಯುತ್ತಿದ್ದನು. 1683ರಲ್ಲಿ, ಎರಡನೆಯ ಚಾರ್ಲ್ಸ್ ದೊರೆಯನ್ನೂ ಅವನ ತಮ್ಮನನ್ನೂ ಕುದುರೆಪಂದ್ಯದಿಂದ ಹಿಂದಿರುಗುವ ದಾರಿಯಲ್ಲಿ ಕೊಲ್ಲುವ ಒಳಸಂಚೊಂದು ಬಯಲಾಗಲು, ಸಿಡ್ನಿಯೂ ಸೆರೆಯಾದನು. ಆ ದೇಶದ ನ್ಯಾಯದಂತೆ ರಾಜದ್ರೋಹಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಸರಕಾರಕ್ಕೆ ಸಿಕ್ಕಿದವನು ಒಬ್ಬನೇ. ಎರಡನೆಯ ಸಾಕ್ಷಿಯನ್ನಾಗಿ ಅವನ ಹಸ್ತಪ್ರತಿಯನ್ನೇ ತಂದು ನಿಲ್ಲಿಸಿದರು! ಅಚ್ಚಾಗದೆ ಮನೆಯಲ್ಲಿ ಬಿದ್ದಿದ್ದ ಕಾಗದವು ಹೇಗೆ ಕೃತ್ಯವಾದೀತೆಂದೂ, ಅದು ತನ್ನ ಬರಹವೆಂಬುದೇ ಸಿದ್ಧವಾಗಿಲ್ಲವೆಂದೂ ಸಿಡ್ನಿಯು ವಾದಿಸಿದನು. ಬರೆಯುವುದೂ ಮಾಡುವುದೇ ಎಂಬುದು ನ್ಯಾಯಾಧೀಶನಾದ ಜೆಫ್ರಿಸನ ಅಭಿಪ್ರಾಯವಾಯಿತು. ಡಿಸೆಂಬರ್ 7ನೆಯ ತಾರೀಖು ಸಿಡ್ನಿಯ ಶಿರಚ್ಛೇದವಾಯಿತು. ಅದೇ ವರುಷದ ಜುಲೈ ತಿಂಗಳಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪಂಡಿತರು ಇಂತಹ ಅಭಿಪ್ರಾಯಗಳಿದ್ದ ಗ್ರಂಥಗಳನ್ನು ರಾಶಿಹಾಕಿ ಸುಟ್ಟಿದ್ದರು. ವಿದ್ಯಾಸ್ಥಾನದಲ್ಲಿಯೇ ಗ್ರಂಥದಹನವು ನಡೆದುದು ವಿದ್ಯೋಪಜೀವಿಗಳಾದ ನಮ್ಮಂಥವರಿಗೆ ಮರೆಯಲಾಗದ ಸಂಗತಿ.

ಆ ವಿಶ್ವವಿದ್ಯಾಲಯದಲ್ಲಿಯೇ ಸ್ಥಾನ ಪಡೆದಿದ್ದ ಜಾನ್ ಲಾಕ್ ಎಂಬ ಪಂಡಿತನು ಆ ಶರತ್ಕಾಲದಲ್ಲಿ ಹಾಲೆಂಡಿಗೆ ತಪ್ಪಿಸಿಕೊಂಡು ಹೋದನು. ಮರುವರುಷ ರಾಜಾಜ್ಞೆಯಿಂದ ಅವನ ಸ್ಥಾನವೂ ಹೋಯಿತು. ಫಿಲ್ಮರನನ್ನು ಖಂಡಿಸಿ ಅವನೂ ಬರೆದಿದ್ದನು. 1688ರ ನವೆಂಬರಿನಲ್ಲಿ ಆರೆಂಜಿನ ವಿಲಿಯಮ್ಮನು ಸೈನ್ಯದೊಡನೆ ಬಂದಿಳಿಯಲು ಎರಡನೆಯ ಜೇಮ್ಸ್ ದೊರೆಯು ದೇಶ ಬಿಟ್ಟು ಓಡಿದನು. ತರುವಾಯ ಸ್ವದೇಶಕ್ಕೆ ಹಿಂದಿರುಗಿದ ಲಾಕನು 1689ರ ಕೊನೆಗೆ ತನ್ನ ಎರಡು ಪ್ರಬಂಧಗಳನ್ನು ಪ್ರಕಟಿಸಿದನು, ಅದೂ ಹೆಸರಿಲ್ಲದೆ. ಮರಣಕಾಲದವರೆಗೂ ಅದು ತನ್ನದೆಂದು ಬಹಿರಂಗವಾಗಿ ಒಪ್ಪಲಿಲ್ಲ. 1704ರ ಉಯಿಲಿನ ಅನುಬಂಧದಲ್ಲಿ ಮಾತ್ರ ಒಪ್ಪಿಕೊಂಡನು. ಆದುಹೋದ ಕ್ರಾಂತಿಯನ್ನು ಸಮರ್ಥಿಸಲು ಬರೆದ ಪುಸ್ತಕವಿದೆಂದು ಬಹುಕಾಲ ತಿಳಿದಿದ್ದರು. ಅದರ ಬಹುಭಾಗವು ಕ್ರಾಂತಿಗೆ ಕೆಲವು ವರುಷ ಮೊದಲೇ, ಸಿಡ್ನಿಯು ಬರೆಯುತ್ತಿದ್ದ ಕಾಲದಲ್ಲಿಯೇ, ಸಿದ್ಧವಾಗಿತ್ತೆಂದು 1960ರಲ್ಲಿ ಪೀಟರ್ ಲಾಸ್ಲೆಟ್ ಎಂಬ ವಿದ್ವಾಂಸನು ಸಂಶೋಧಿಸಿ ತೋರಿಸಿದನು. ಎಂದ ಮೇಲೆ ಲಾಕನ ಅಂಜಿಕೆಯು ಪುಕ್ಕಲುತನವಲ್ಲ. ಮನೆಯೊಳಗಿನ ಕಾಗದವು ತಲೆಯನ್ನು ಉರುಳಿಸಬಲ್ಲುದೆಂದು ಅವನು ಕಣ್ಣಾರೆ ಕಂಡಿದ್ದನು.

ಲಾಕನ ಮತದಂತೆ ಪ್ರಭುತ್ವವೆಂಬುದು ನಂಬಿಕೆಯಿಂದ ಒಪ್ಪಿಸಿದ ಒಡವೆ. ಪ್ರಾಣ, ಸ್ವಾತಂತ್ರ್ಯ, ಸ್ವತ್ತು ಇವುಗಳ ರಕ್ಷಣೆಗಾಗಿ ಜನರು ಅದನ್ನು ಕೊಟ್ಟಿರುವರು. ನಂಬಿಕೆ ಕೆಟ್ಟಲ್ಲಿ ಒಡವೆಯು ಕೊಟ್ಟವರಿಗೆ ಮರಳುವುದು. ಇಲ್ಲಿ ಅವನು ಒಂದು ಶಬ್ದವ್ಯುತ್ಪತ್ತಿಯನ್ನು ಎತ್ತುವನು. ವ್ಯಾಕರಣಪ್ರಿಯರಿಗೆ ಅದು ಸ್ವಾರಸ್ಯವಾಗಿ ತೋರೀತು. ದಂಗೆಯೆಂಬ ಅರ್ಥ ಕೊಡುವ ಇಂಗ್ಲಿಷ್ ಶಬ್ದವು ರೆಬೆಲ್ಲಾರೆ ಎಂಬ ಲ್ಯಾಟಿನ್ ಧಾತುವಿನಿಂದ ಬಂದುದು. ಯುದ್ಧವನ್ನು ಮರಳಿ ತರುವುದು ಎಂದು ಅದರ ಅರ್ಥ. ನ್ಯಾಯದ ಕಟ್ಟನ್ನು ಮುರಿದು ಬಲಪ್ರಯೋಗಕ್ಕೆ ಇಳಿದವನೇ ಯುದ್ಧವನ್ನು ಮರಳಿ ತಂದವನು. ಆದುದರಿಂದ ಕಟ್ಟನ್ನು ಮುರಿದ ಅರಸನೇ ದಂಗೆಕೋರನು, ಎದ್ದುನಿಂತ ಪ್ರಜೆಯಲ್ಲ. ಹೀಗಾದರೆ ದಿನಕ್ಕೊಂದು ದಂಗೆಯಾಗದೇ ಎಂಬ ಆಕ್ಷೇಪಕ್ಕೆ ಅವನ ಸಮಾಧಾನವು ಲೋಕಾನುಭವದಿಂದ ಕೂಡಿದೆ: ಜನರು ಸ್ವಭಾವತಃ ತಾಳಿಕೊಳ್ಳುವವರು, ಅರಸನ ಎಷ್ಟೋ ತಪ್ಪುಗಳನ್ನು ಗೊಣಗದೆ ಸಹಿಸುವರು, ಒಂದರ ಹಿಂದೊಂದಾಗಿ ದೌರ್ಜನ್ಯಗಳು ಒಂದೇ ಗುರಿಯತ್ತ ಸಾಗುತ್ತಿರುವುದು ಎಲ್ಲರಿಗೂ ಕಂಡಾಗಲೇ ಏಳುವರು. ತೀರ್ಪು ಕೊಡುವವರು ಯಾರು? ಕೆಲಸವನ್ನು ಒಪ್ಪಿಸಿದವರೇ, ಅಂದರೆ ಜನರೇ. ಪ್ರಭುವು ಆ ತೀರ್ಪಿಗೆ ಒಪ್ಪದಿದ್ದರೆ ದೈವಕ್ಕೆ ಮೊರೆಯಿಡುವುದೊಂದೇ ಉಳಿಯುವುದೆನ್ನುವನು. ಈ ದೈವದ ಮೊರೆಯೆಂಬುದು ಕಾರ್ಯತಃ ಖಡ್ಗವೇ ಎಂಬುದನ್ನು ವಾಚಕರು ಗಮನಿಸಬೇಕು. ಅವನ ವಾದದ ದುರ್ಬಲವಾದ ಎಡೆಯು ಇದೇ ಎಂದು ನನಗೆ ತೋರುವುದು.

ಮತ್ತೊಂದು ಕಳಂಕವನ್ನೂ ಮುಚ್ಚಿಡಲಾಗದು. ಆಫ್ರಿಕದ ಗುಲಾಮರ ವ್ಯಾಪಾರ ಮಾಡುತ್ತಿದ್ದ ಕಂಪೆನಿಯಲ್ಲಿ ಲಾಕನು ಹಣ ಹೂಡಿದ್ದನು. ಗುಲಾಮರ ಮೇಲೆ ಒಡೆಯನಿಗೆ ಸಂಪೂರ್ಣಾಧಿಕಾರವಿತ್ತ 1669ರ ಕ್ಯಾರೊಲೈನಾ ಶಾಸನದ ರಚನೆಯಲ್ಲಿಯೂ ಅವನ ಕೈಯಿತ್ತು. 1776ರಲ್ಲಿ ಅಮೆರಿಕನ್ನರು ಅವನ ವಾದವನ್ನೇ ಹಿಡಿದು ಸ್ವಾತಂತ್ರ್ಯವನ್ನು ಘೋಷಿಸಿದಾಗಲೂ ಅವರ ಹೊಲಗಳಲ್ಲಿ ಗುಲಾಮರು ದುಡಿಯುತ್ತಲೇ ಇದ್ದರು. ತೀರ್ಪು ಕೊಡುವ ಜನರು ಎಂಬ ಮಾತಿನೊಳಗೆ ಯಾರು ಸೇರಿದವರು ಎಂಬ ಪ್ರಶ್ನೆಯನ್ನು ಅವರು ಎತ್ತಲೊಲ್ಲದೆ ಹೋದರು.

ಆ ದುರ್ಬಲವಾದ ಎಡೆಗೆ ಕೈಹಾಕಿದವನು ಜರ್ಮನಿಯ ಮಹಾತಾರ್ಕಿಕನಾದ ಕಾಂಟನು. 1793ರ ಪ್ರಬಂಧದಲ್ಲಿ ಅವನು ಕೇಳಿದುದಿಷ್ಟು: ಪ್ರಭುವಿಗೂ ಪ್ರಜೆಗೂ ವಿವಾದ ಬಂದಲ್ಲಿ ಮಧ್ಯಸ್ಥನಾರು? ಪ್ರಜೆಯೇ ಆದರೆ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದಂತಾಯಿತು. ಇನ್ನೊಬ್ಬನಾದರೆ ಅವನೇ ಪ್ರಭುವಾಗಬೇಕಾಯಿತು. ಆದುದರಿಂದ ಎದುರಿಸುವ ಹಕ್ಕೆಂಬುದು ಸ್ವವಿರೋಧದಿಂದ ಕೂಡಿದುದು. ನೈಯಾಯಿಕರ ಅನವಸ್ಥಾದೋಷವು ಇಲ್ಲಿ ನೆನಪಿಗೆ ಬಾರದಿರದು. ಆದರೆ ಜನರಿಗೆ ಅವನು ಒಂದನ್ನು ಉಳಿಸಿಕೊಟ್ಟನು. ಅದು ಲೇಖನಿಯ ಸ್ವಾತಂತ್ರ್ಯ. ಸಿಡ್ನಿಯ ತಲೆಯನ್ನು ತೆಗೆದುದು ಲೇಖನಿಗಾಗಿಯೇ ಎಂಬುದನ್ನು ನೆನೆದರೆ ಇದು ಸಣ್ಣ ದಾನವಲ್ಲ. ಫ್ರೆಂಚರಾದರೋ ಅದೇ 1793ರ ಜೂನಿನಲ್ಲಿ ದಂಗೆಯನ್ನು ಪ್ರಜೆಗಳ ಹಕ್ಕೂ ಕರ್ತವ್ಯವೂ ಎಂದು ಶಾಸನದಲ್ಲಿಯೇ ಬರೆದರು. ಆ ಸಂವಿಧಾನವು ಆಚರಣೆಗೆ ಬರಲೇ ಇಲ್ಲ. ಹಿಟ್ಲರನ ಆಳಿಕೆಯನ್ನು ಕಂಡುಂಡ ಜರ್ಮನರು 1968ರಲ್ಲಿ, ಬೇರೆ ಉಪಾಯವಿಲ್ಲದಿದ್ದಲ್ಲಿ ಸಂವಿಧಾನವನ್ನು ಕೆಡಿಸುವವರನ್ನು ಎದುರಿಸುವ ಹಕ್ಕನ್ನು ತಮ್ಮ ಮೂಲಶಾಸನಕ್ಕೆ ಸೇರಿಸಿದರು. ಬೇರೆ ಉಪಾಯವಿಲ್ಲವೆಂದು ಹೇಳತಕ್ಕವರು ಯಾರೆಂಬುದು ಅಲ್ಲಿಯೂ ಬರೆದಿಲ್ಲ.

ಕಾಂಟನ ಕೊಕ್ಕೆಯಿಂದ ಬಿಡಿಸಿಕೊಳ್ಳುವ ದಾರಿಯು ಬೇರೊಂದು ಕಡೆಯಿಂದ ಬಂದಿತು. 1846ರಲ್ಲಿ ಅಮೆರಿಕದ ಥೋರೋ ಎಂಬವನು, ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತಲೆಗಂದಾಯ ಕೊಡಲೊಲ್ಲದೆ ಒಂದು ರಾತ್ರಿ ಸೆರೆಮನೆಯಲ್ಲಿದ್ದನು. ಇಲ್ಲಿ ತೀರ್ಪುಗಾರನು ಒಬ್ಬಂಟಿ ಮನುಷ್ಯನ ಅಂತಃಕರಣವು. ದಕ್ಷಿಣಾಫ್ರಿಕದಲ್ಲಿ 1906ರಲ್ಲಿಯೇ ಹೋರಾಟವನ್ನು ಆರಂಭಿಸಿದ್ದ ಗಾಂಧೀಜಿಯವರು ಥೋರೋವಿನ ಪ್ರಬಂಧವನ್ನು ಮೆಚ್ಚಿ, ಅದರ ಭಾಗಗಳನ್ನು 1907ರಲ್ಲಿ ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ಅವರು ಕೂಡಿಸಿದ ವಿಶೇಷವೇನೆಂದರೆ, ತೀರ್ಪು ಕೊಟ್ಟವನೇ ಅದರ ದುಃಖವನ್ನೂ ತನ್ನ ಮೈಮೇಲೆ ಹೊರತಕ್ಕದ್ದು. ತೀರ್ಪು ತಪ್ಪಾಗಿದ್ದರೆ ಅದರ ನೋವನ್ನು ಅವನೇ ಉಣ್ಣುವನು; ಪರರ ರಕ್ತ ಹರಿಯದು.

1922ರ ಮಾರ್ಚ್ 18ನೆಯ ತಾರೀಖು ಅಹಮದಾಬಾದಿನಲ್ಲಿ ಅವರ ವಿಚಾರಣೆಯು ನಡೆಯಿತು. ಆರೋಪವು ಇಲ್ಲಿಯೂ ಬರಹದ್ದೇ: ಯಂಗ್ ಇಂಡಿಯ ಪತ್ರಿಕೆಯ ಮೂರು ಲೇಖನಗಳು. ಆದರೆ ಬರಹ ತನ್ನದೆಂಬುದು ಸಿದ್ಧವಾಗಿಲ್ಲವೆಂದು ಸಿಡ್ನಿಯು ವಾದಿಸಿದ್ದಲ್ಲಿ, ಗಾಂಧೀಜಿಯವರು ಬರೆದುದುಂಟೆಂದು ಒಪ್ಪಿ, ಅತ್ಯಂತ ಕಠಿನವಾದ ಶಿಕ್ಷೆಯನ್ನೇ ಬೇಡಿದರು. ನ್ಯಾಯಾಧೀಶನಾದ ಬ್ರೂಮ್‌ಫೀಲ್ಡನು ಜೆಫ್ರಿಸನಂತಹವನಲ್ಲ. ಲೋಕಮಾನ್ಯ ತಿಲಕರಿಗೆ 1908ರಲ್ಲಿ ವಿಧಿಸಿದ್ದ ಶಿಕ್ಷೆಯನ್ನು ನೆನಪಿಸಿ ಆರು ವರುಷಗಳ ಸೆರೆಯನ್ನು ವಿಧಿಸಿದನು. ಸರಕಾರವು ಮುಂದೆ ಈ ಅವಧಿಯನ್ನು ಕಡಿಮೆ ಮಾಡಿದರೆ ತನಗಿಂತ ಹೆಚ್ಚು ಸಂತೋಷಪಡುವವನು ಬೇರೊಬ್ಬನಿರಲಾರನೆಂದೂ ಹೇಳಿದನು.