ಇಪ್ಪತ್ತಮೂರು ಪಯಣಿಗರ ಬಾಳೆಹಣ್ಣು

ಚೆಟ್ಟಳ್ಳಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಶೇಷದ ಲೆಕ್ಕ ಹೇಳಿಕೊಡುವಾಗ ನಾನು ಗೈಡನ್ನು ಬದಿಗಿಟ್ಟು ನೃಪತುಂಗನ ಕಾಲಕ್ಕೆ ಹೋಗುತ್ತೇನೆ. ಸುಮಾರು 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹೀಗೊಂದು ಲೆಕ್ಕವಿದೆ: ಕಾಡಂಚಿನಲ್ಲಿ ಬಾಳೆಹಣ್ಣಿನ 63 ಸಮರಾಶಿಗಳು, ಬಿಡಿಯಾಗಿ 7 ಹಣ್ಣು. 23 ಪಯಣಿಗರು ಸಮನಾಗಿ ಹಂಚಿಕೊಂಡರು. ರಾಶಿಗೆಷ್ಟು ಹಣ್ಣು?

ಆಚಾರ್ಯರ ವಿಧಾನ ‘ಕುಟ್ಟೀಕಾರ’: ಭಾಗಿಸುತ್ತ, ಶೇಷ ಹಿಡಿಯುತ್ತ ಸಂಖ್ಯೆಗಳನ್ನು ಕುಟ್ಟಿ ಚಿಕ್ಕದಾಗಿಸುವುದು. ಇಲ್ಲಿ ಅದರ ತಿರುಳೇ ಸಾಕು. 23ರ ಮೂರರಷ್ಟು 69. ಅದಕ್ಕೆ 6 ಕಡಿಮೆ 63. ಹಾಗಾಗಿ ರಾಶಿಗೆ ಒಂದು ಹಣ್ಣು ಏರಿದಂತೆ ಶೇಷ 6 ಇಳಿಯುತ್ತದೆ. ಸಾಲದಿದ್ದರೆ 23 ಕೂಡಿಕೊಳ್ಳಿ: 7, 1, 18, 12, 6, 0. ಐದು ಹೆಜ್ಜೆ. ರಾಶಿಗೆ 5, ತಲೆಗೆ 14.

28 ಎಂದರೂ ಸರಿಯೇ, 5ಕ್ಕೆ 23 ಸೇರಿದೆಯಷ್ಟೆ. ಪ್ರಶ್ನೆಪತ್ರಿಕೆಯಲ್ಲಿ ‘ಕನಿಷ್ಠ’ ಎಂಬ ಪದ ಏಕಿರುತ್ತದೆಂದು ಆಗ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.