ಮಣ್ಣಿನ ಸಮಾಧಿ: ದಾವಣಗೆರೆ-ಹರಿಹರ ಸೀಮೆಯಲ್ಲೊಂದು ವಿಚಾರ

ಸತ್ತವರ ನೆಲಕ್ಕೆ ಕನ್ನಡದಲ್ಲಿ ಹೆಸರುಗಳು ಹಲವು. ಮಸಣವೆಂಬುದು ಶ್ಮಶಾನದ ತದ್ಭವ. ಸುಡುಗಾಡು ಎಂಬ ಮಾತಿನಲ್ಲಿ ದಹನವೂ ಭಯವೂ ಅಡಗಿವೆ. ರುದ್ರಭೂಮಿ ಎಂದೊಡನೆ ಆ ನೆಲಕ್ಕೆ ಒಡೆಯನೊಬ್ಬನಿರುವನೆಂಬ ಭಾವ ಮೂಡುತ್ತದೆ. ಹೂಳುವುದೇ ರೂಢಿಯಾದ ಊರುಗಳಲ್ಲಿಯೂ ಜನರು ಸುಡುಗಾಡೆಂದೇ ಕರೆಯುವುದುಂಟು. ಹೂಳುವ ಮತ್ತು ಸುಡುವ ಪದ್ಧತಿಗಳೆರಡೂ ನಮ್ಮ ನಾಡಿನಲ್ಲಿ ಬಹುಕಾಲದಿಂದ ನೆರೆಹೊರೆಯಾಗಿ ಬಾಳಿರುವುದಕ್ಕೆ ಈ ಹೆಸರುಗಳೇ ಸಾಕ್ಷಿ.

ಶವವನ್ನು ಭೂಮಿಗೊಪ್ಪಿಸುವ ಕ್ರಮವು ವೀರಶೈವರಿಂದ ಆರಂಭವಾದುದಲ್ಲ. ಅದು ಅತ್ಯಂತ ಪ್ರಾಚೀನವಾದುದು. 1997ರವರೆಗೆ ದಾವಣಗೆರೆ, ಹರಿಹರಗಳನ್ನೊಳಗೊಂಡಿದ್ದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ಉತ್ಖನನ ನಡೆಸಿದರು. ನೂತನ ಶಿಲಾಯುಗದ ಜನರು ಶಿಶುಗಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು, ದೊಡ್ಡವರನ್ನು ಗುಣಿಯಲ್ಲಿ ಮಲಗಿಸುತ್ತಿದ್ದರು ಎಂಬುದು ಅಲ್ಲಿ ತಿಳಿದುಬಂದಿತು. ಅನಂತರ ಬಂದ ಕಬ್ಬಿಣಯುಗದವರು ಕಲ್ಲುಚಪ್ಪಡಿಗಳ ಕೋಣೆಗಳನ್ನು ಕಟ್ಟಿ, ಸುತ್ತಲೂ ಬಂಡೆಗಳ ವೃತ್ತವನ್ನು ರಚಿಸಿದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇಂತಹ ಶಿಲಾಗೃಹಗಳ ಊರೇ ಇದೆ. ಸುತ್ತಲಿನವರು ಅದನ್ನು ಮೋರೇರ ಬೆಟ್ಟವೆನ್ನುತ್ತಾರೆ.

ಮಧ್ಯಯುಗದಲ್ಲಿ ಸ್ಮಾರಕವು ದೇಹಕ್ಕಿಂತ ಹೆಸರಿನ ಗುರುತಾಯಿತು. ಕಾದಿ ಮಡಿದವನಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಗಲ್ಲು, ಸಲ್ಲೇಖನದಿಂದ ದೇಹವಿಟ್ಟ ಜೈನರಿಗೆ ನಿಷಿಧಿಗಲ್ಲು ನಿಂತವು. ದಾವಣಗೆರೆ ಜಿಲ್ಲೆಯ ಹೊದಿಗೆರೆಯಲ್ಲಿ, 1664ರಲ್ಲಿ ಮಡಿದ ಷಹಾಜಿ ಭೋಂಸ್ಲೆಯ ಸಮಾಧಿಯಿದೆ. ಇವೆಲ್ಲವೂ ಶೌರ್ಯ, ವ್ರತ ಅಥವಾ ಅಧಿಕಾರದಿಂದ ಹೆಸರಾದವರಿಗೆ ಸಂದ ಗೌರವಗಳು. ಸಾಮಾನ್ಯನಿಗೆ ಕಲ್ಲಿರಲಿಲ್ಲ.

ಶರಣಧರ್ಮದ ವಿಶೇಷತೆ ಇಲ್ಲಿ ಗೋಚರಿಸುತ್ತದೆ. ವೈದಿಕ ಸಂಪ್ರದಾಯದಲ್ಲಿ ಗೃಹಸ್ಥನಿಗೆ ದಹನ, ಸಂನ್ಯಾಸಿಗೆ ಕುಳ್ಳಿರಿಸಿದ ಸಮಾಧಿ. ಯತಿಗೆ ಮಾತ್ರ ಮೀಸಲಾಗಿದ್ದ ಆ ಸಂಸ್ಕಾರವು ವೀರಶೈವದಲ್ಲಿ ಲಿಂಗಧಾರಿಗಳೆಲ್ಲರಿಗೂ ದೊರೆಯಿತು. ಒಕ್ಕಲಿಗನಾಗಲಿ, ಮಡಿವಾಳನಾಗಲಿ, ಸ್ತ್ರೀಯಾಗಲಿ, ಲಿಂಗವನ್ನು ಧರಿಸಿದ ದೇಹವು ದೇವಾಲಯವೇ ಆದುದರಿಂದ ಅದನ್ನು ಬೆಂಕಿಗೆ ಕೊಡಲಾಗದು ಎಂಬುದು ಇದರ ತಾತ್ಪರ್ಯ. ಮರಣಸೂತಕವನ್ನೂ ಜಾತಿಸೂತಕವನ್ನೂ ಶರಣರು ಒಂದೇ ಉಸಿರಿನಲ್ಲಿ ನಿರಾಕರಿಸಿದುದು ಆಕಸ್ಮಿಕವಲ್ಲ. ಷಟ್‍ಸ್ಥಲದ ಕೊನೆಯ ಸ್ಥಲವಾದ ಐಕ್ಯವೇ ಸಾವಿಗೂ ಹೆಸರಾಯಿತು. ನಮ್ಮಲ್ಲಿ ಸತ್ತವರನ್ನು ಲಿಂಗೈಕ್ಯರಾದರೆನ್ನುತ್ತೇವೆ.

ವಿಧಿಯೂ ಇದಕ್ಕೆ ಅನುಗುಣವಾಗಿದೆ. ದೇಹಕ್ಕೆ ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ವಿಮಾನದಲ್ಲಿ ಕುಳ್ಳಿರಿಸಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಪಾದಗಳ ಅಳತೆಯಲ್ಲಿ ತೋಡಿದ ಗುಣಿಯೊಳಗೆ, ಗೂಡಿನಂತಹ ಸ್ಥಳದಲ್ಲಿ ಪದ್ಮಾಸನವಿರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ಬಿಲ್ವಪತ್ರೆ, ವಿಭೂತಿಗಳನ್ನರ್ಪಿಸಿ ಮಣ್ಣು ಮುಚ್ಚುತ್ತಾರೆ. ಪೂಜೆಯಲ್ಲಿ ಕುಳಿತವನಂತೆಯೇ ದೇಹವು ಭೂಮಿಯನ್ನು ಸೇರುತ್ತದೆ. ಮುಂದೆ ಶಿವಗಣಾರಾಧನೆ ನಡೆಯುತ್ತದೆ.

ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯೂ, 1930ರಲ್ಲಿ ಲಿಂಗೈಕ್ಯರಾದ ಹಾನಗಲ್ಲ ಕುಮಾರ ಶಿವಯೋಗಿಗಳ ಗದ್ದುಗೆಯು ಶಿವಯೋಗಮಂದಿರದಲ್ಲಿಯೂ ಭಕ್ತರ ಕ್ಷೇತ್ರಗಳಾಗಿವೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಜಲಾಶಯದ ನೀರಿನಿಂದ ಉಳಿಸಲು ಸುತ್ತಲೂ ಗೋಡೆ ಕಟ್ಟಬೇಕಾಯಿತು. ಗುರುವಿನ ಗದ್ದುಗೆ ಸಾಧನೆಯ ನೆನಪು; ಅದನ್ನು ಉಳಿಸುವುದು ಯುಕ್ತವೇ ಸರಿ. ಆದರೆ ಪ್ರತಿಯೊಂದು ಮನೆತನವೂ ಅದನ್ನೇ ಅನುಕರಿಸಿದರೆ ಏನಾದೀತು?

ದಾವಣಗೆರೆ ಹತ್ತಿಗಿರಣಿಗಳಿಂದ ಬೆಳೆಯಿತು; ಹರಿಹರಕ್ಕೆ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೂರದೂರದ ಜನರನ್ನು ತಂದಿತು. ಹೀಗೆ ಊರು ಬೆಳೆದಂತೆ ಹೊರಗಿದ್ದ ಮಸಣಗಳು ಮನೆಗಳ ನಡುವೆ ಬರುತ್ತವೆ. ಮಣ್ಣಿನ ದಿಬ್ಬವು ಕೆಲವು ಮಳೆಗಾಲಗಳಲ್ಲಿ ಕರಗಿ ಇನ್ನೊಬ್ಬರಿಗೆ ಎಡೆಕೊಡುತ್ತದೆ. ಸಿಮೆಂಟಿನ ಗೋರಿ ಕೊಡುವುದಿಲ್ಲ. ಸ್ಥಳವಿಲ್ಲದ ಗ್ರಾಮಗಳಿಗೆ ಸ್ಮಶಾನಭೂಮಿ ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವೇ 2019ರಲ್ಲಿ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಅದಕ್ಕಿಂತಲೂ ಶೋಚನೀಯವಾದುದೆಂದರೆ, ಜಾತಿಗೊಂದು ಮಸಣವೆಂಬ ರೂಢಿ ಇನ್ನೂ ಅಳಿಯದಿರುವುದು. ಜಾತಿಸೂತಕವಿಲ್ಲವೆಂದವರ ಸಂತತಿಗೆ ಇದು ಭೂಷಣವಲ್ಲ.

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹವಿಟ್ಟರು. ತಮ್ಮ ದೇಹವನ್ನು ಹೂಳದೆ ಅಗ್ನಿಗರ್ಪಿಸಬೇಕು, ಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು, ಅಂತೆಯೇ ನಡೆಯಿತು. ಸಂಪ್ರದಾಯಕ್ಕೆ ಇದು ವಿರುದ್ಧವಲ್ಲವೇ ಎಂಬ ಶಂಕೆ ಭಕ್ತರಲ್ಲಿ ಮೂಡುವುದು ಸಹಜ. ವಿಧಿಯಲ್ಲಿ ಭಿನ್ನವೆಂಬುದು ನಿಜ. ಆದರೆ ಹೆಸರಿನ ಹಂಬಲವನ್ನು ತೊರೆದ ಭಾವವು ಶರಣರ ಐಕ್ಯಭಾವಕ್ಕೆ ಸಮೀಪವಾದುದೇ. ಹೂಳುವ ಸಂಪ್ರದಾಯವನ್ನು ನಾವು ಬಿಡಬೇಕಾಗಿಲ್ಲ. ಅದರ ಅರ್ಥವನ್ನು ಬಿಡದಿದ್ದರೆ ಸಾಕು. ಯತಿಯ ಸಮಾಧಿಯನ್ನು ಎಲ್ಲರಿಗೂ ಹಂಚಿದ ಧರ್ಮದವರು ರುದ್ರಭೂಮಿಯನ್ನೂ ಎಲ್ಲರಿಗೂ ತೆರೆಯಲಿ. ಗೋರಿ ಕಟ್ಟುವ ಕಡೆ ಒಂದು ಬಿಲ್ವದ ಸಸಿಯನ್ನು ನೆಡಲಿ.