ಡಾಕ್ಟ್ರ ಚೀಟೀಲಿ ನಂಬರ್ ಇದೆಯಾ?

ಬೇಲೂರಿಗೆ ಹೋದವರೆಲ್ಲ ಮದನಿಕೆಯರನ್ನ ಕಣ್ತುಂಬ ನೋಡಿ ಬರ್ತಾರೆ. ಆದರೆ ಶಿಲ್ಪಗಳ ಕೆಳಗಿರೋ ಅಕ್ಷರಗಳನ್ನ ಗಮನಿಸಿದವರು ಎಷ್ಟು ಜನ? ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, 900 ವರ್ಷಗಳ ಹಿಂದೆಯೇ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದರು. ಹಳೇಬೀಡಿನಲ್ಲೂ ಶಿಲ್ಪಿಗಳ ಸಹಿಗಳಿವೆ. ಇದನ್ನ ಮಾಡಿದ್ದು ಯಾರು ಅಂತ ಕೇಳಿದರೆ ಕಲ್ಲೇ ಉತ್ತರ ಹೇಳುತ್ತೆ.

ಕಲ್ಲು ಮುಟ್ಟೋರೇ ಹೀಗೆ ಹೆಸರು ಹಾಕ್ತಿದ್ರು. ಹಾಗಾದರೆ ಜೀವ ಮುಟ್ಟೋ ವೈದ್ಯರು?

ವೈದ್ಯರ ಹೆಸರನ್ನ ಸರ್ಕಾರಿ ಪಟ್ಟಿಗೆ ಸೇರಿಸೋ ಕಾನೂನು ಬ್ರಿಟನ್‌ನಲ್ಲಿ ಬಂದದ್ದು 1858ರಲ್ಲಿ. ನಮ್ಮ ಕಡೆ ಮುಂಬೈ ಪ್ರಾಂತ್ಯಕ್ಕೆ 1912, ಮದ್ರಾಸಿಗೆ 1914. ಮೈಸೂರು ಸಂಸ್ಥಾನದಲ್ಲಿ ಮೆಡಿಕಲ್ ಕಾಲೇಜು 1924ರಲ್ಲೇ ಶುರುವಾಯ್ತು, ವೈದ್ಯರ ನೋಂದಣಿ ಕಾನೂನು ಬಂದದ್ದು 1931ರಲ್ಲಿ. 1956ರಲ್ಲಿ ರಾಜ್ಯ ಒಂದಾದಾಗ ಅರಸೀಕೆರೆಗೆ ಮೈಸೂರಿನ ಕಾನೂನು, ಹುಬ್ಬಳ್ಳಿಗೆ ಮುಂಬೈಯದು, ಮಂಗಳೂರಿಗೆ ಮದ್ರಾಸಿನದು! ಇಡೀ ರಾಜ್ಯಕ್ಕೆ ಒಂದೇ ಕಾನೂನು ಬಂದದ್ದು 1961ರಲ್ಲಿ. ಇವತ್ತಿನ ಕರ್ನಾಟಕ ವೈದ್ಯಕೀಯ ಪರಿಷತ್ತು ನಡೀತಿರೋದು ಅದರ ಮೇಲೆಯೇ.

ಪಟ್ಟಿಗೆ ಹೆಸರು ಸೇರಿದರೆ ಮುಗೀತಾ? ಇಲ್ಲ ಸ್ವಾಮಿ. ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಅಷ್ಟರೊಳಗೆ 30 ಗಂಟೆ ಹೊಸ ಚಿಕಿತ್ಸೆ, ಹೊಸ ಔಷಧಿಗಳ ಬಗ್ಗೆ ಪಾಠ ಕೇಳಬೇಕು ಅನ್ನುತ್ತೆ 2002ರ ನಿಯಮ. ಅಮೆರಿಕದಲ್ಲಿ ತಜ್ಞವೈದ್ಯರನ್ನ ಮತ್ತೆ ಪರೀಕ್ಷೆಗೆ ಕೂರಿಸೋ ಪದ್ಧತಿ ಇದೆ. ನಮ್ಮಲ್ಲಿ ಅದೂ ಇಲ್ಲ, ಹಾಜರಾತಿ ಇದ್ದರೆ ಸಾಕು. ವರ್ಷಕ್ಕೆ ಆರೇ ಗಂಟೆ. ಅದೂ ಭಾರ ಅನ್ನೋರಿಗೆ ಏನು ಹೇಳೋಣ?

ಈ ಪಟ್ಟಿ ಬರೀ ಕಾಗದ ಅಂದುಕೋಬೇಡಿ. ಹೋಮಿಯೋಪತಿ ಓದಿದವರೊಬ್ಬರು ಅಲೋಪತಿ ಔಷಧಿ ಕೊಟ್ಟು, ರೋಗಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ತಾನು ನೋಂದಣಿ ಮಾಡಿಸದ ಪದ್ಧತಿಯಲ್ಲಿ ಚಿಕಿತ್ಸೆ ಕೊಡೋದೇ ನಿರ್ಲಕ್ಷ್ಯ ಅಂತ ಕೋರ್ಟು 1996ರಲ್ಲಿ ಖಡಾಖಂಡಿತವಾಗಿ ಹೇಳಿತು.

ಇನ್ನು ನಮ್ಮ ಪಾಲಿನ ಕೆಲಸ. ಕ್ಲಿನಿಕ್ಕಿನಲ್ಲಿ, ಔಷಧಿ ಚೀಟಿಯಲ್ಲಿ, ಸರ್ಟಿಫಿಕೇಟಿನಲ್ಲಿ, ಹಣದ ರಸೀದಿಯಲ್ಲಿ ನೋಂದಣಿ ನಂಬರ್ ಇರಲೇಬೇಕು ಅಂತಲೂ ಅದೇ ನಿಯಮ ಹೇಳುತ್ತೆ. ನಾವು ನೋಡೋದು ಏನನ್ನ? ಕೈಗುಣ! ಕೈಗುಣ ಇರಲಿ, ಬೇಡ ಅನ್ನೋರು ಯಾರು? ಜೊತೆಗೆ ನಂಬರೂ ಇರಲಿ. ಹಗಲು ರಾತ್ರಿ ಓದಿ ಆ ನಂಬರ್ ಪಡೆದ ಡಾಕ್ಟರು ಅದನ್ನ ಕೇಳಿದರೆ ಬೇಜಾರು ಮಾಡ್ಕೊಳ್ಳಲ್ಲ. ಬೇಜಾರು ಮಾಡ್ಕೊಂಡರೆ, ಚೀಟಿ ಅಲ್ಲೇ ಇಟ್ಟು ಎದ್ದು ಬನ್ನಿ.